ಕದ ಕೀಳಿಸಿದ ಮನೆ

ಮೆಕ್ಸಿಕೋ ದೇಶದಲ್ಲಿ ಸಾಂತಾ ಲುಗಾರ್ದಾ ಎಂಬ ಕೆರೆದಂಡೆಯ ಊರಿದೆ. ಅಲ್ಲಿನ ಸ್ಮಶಾನದಿಂದ ಮೇಲಕ್ಕೆ ಏರುವ ಕಲ್ಲುಹಾಸಿನ ಓಣಿಗೆ ಊರವರು ಇಟ್ಟ ಹೆಸರು ಸಿನ್ ಪುಯೆರ್ತಾ, ಅಂದರೆ ಬಾಗಿಲಿಲ್ಲದ್ದು. ಓಣಿಯ ತುದಿಯಲ್ಲಿರುವ ಸುಣ್ಣದ ಮನೆಗೆ ಕದವಿಲ್ಲ. ದರೋಡೆಕೋರರು ಹೊತ್ತೊಯ್ದರೆಂದು ಪ್ರವಾಸಿಗರಿಗೆ ಕಥೆ ಕಟ್ಟುವವರುಂಟು. ಬೇರೇನೂ ಸಿಗದೆ ಬಾಗಿಲು ಕದ್ದ ಆ ಕಳ್ಳ ಎಂಥ ಬಡಪಾಯಿಯೋ ಕಾಣೆ. ಬಲ್ಲ ಹಿರಿಯರು ಮಾತ್ರ, ಅದನ್ನು ಒಬ್ಬ ತಾಯಿ ಕೀಳಿಸಿದಳು ಎನ್ನುತ್ತಾರೆ.

ಹಿಂದೆ ಒಮ್ಮೆ ಆ ಊರಿನ ಗಿರಣಿಯಲ್ಲಿ ನೇಯ್ಗೆ ಕಲಿಸಲು ಗುಳೇದಗುಡ್ಡದ ಕಡೆಯ ಕಾಡಪ್ಪನೆಂಬ ನೇಕಾರ ಹೆಂಡತಿ ಗುರಸಿದ್ದವ್ವನೊಡನೆ ಬಂದಿದ್ದ. ಅಲ್ಲೇ ಹುಟ್ಟಿದ ಮಗ ಮುರಿಗೆಪ್ಪ ವರ್ಷ ತುಂಬಿದ ಹೊಸದರಲ್ಲೇ ಜ್ವರ ಬಂದು ತೀರಿಕೊಂಡ. ಅವಳ ತವರಿನಲ್ಲಿ ಮಹಾಲಯ ಅಮಾವಾಸ್ಯೆಯ ಎಡೆ ಹಿರಿಯರಿಗೆ, ಕೂಸುಗಳಿಗಲ್ಲ. ಅವಳ ಹೊಟ್ಟೆಯ ಸಂಕಟಕ್ಕೆ ಒಂದು ಹಬ್ಬವೂ ಇರಲಿಲ್ಲ. ಆ ದೇಶದಲ್ಲಾದರೋ ಸತ್ತವರ ಹಬ್ಬದಲ್ಲಿ ಮೊದಲ ದಿನ ಮಕ್ಕಳದ್ದೇ. "ಗೋರಿಯಿಂದ ಮನೆಯ ತನಕ ಚೆಂಡುಹೂವಿನ ಎಸಳು ಚೆಲ್ಲು, ನಿನ್ನ ಮಗ ದಾರಿ ಹಿಡಿದು ಬರುತ್ತಾನೆ. ಮಧ್ಯಾಹ್ನದ ಗಂಟೆಗೆ ಮಕ್ಕಳೆಲ್ಲ ಗೋರಿಗೆ ಹಿಂದಿರುಗುತ್ತವೆ," ಎಂದು ನೆರೆಮನೆಯ ಎವುಲಾಲಿಯಾ ಹೇಳಿದಾಗ ಗುರಸಿದ್ದವ್ವನಿಗೆ ಹೋದ ಜೀವ ಬಂದಂತಾಯಿತು.

ಹಬ್ಬದ ಬೆಳಿಗ್ಗೆ ಬಾಗಿ ಬಾಗಿ ಎಸಳು ಚೆಲ್ಲಿದಳು. ಹಾಲು, ಬೆಲ್ಲ, ಮೆತ್ತಗೆ ಬೇಯಿಸಿದ ನುಚ್ಚು ಎಡೆ ಇಟ್ಟಳು. ಆಮೇಲೆ ತವರಿನ ರೂಢಿಯಂತೆ ಕದ ಮುಚ್ಚಿ ಗಂಡನೊಡನೆ ಹಿತ್ತಲಲ್ಲಿ ಕುಳಿತಳು. ಬದುಕಿರುವವರ ಕಣ್ಣೆದುರು ಸತ್ತವರು ಉಣ್ಣುವುದಿಲ್ಲ ಎಂದು ಅವಳ ಅವ್ವ ಕಲಿಸಿದ್ದಳು. "ಸಪ್ಪಳ ಮಾಡಬ್ಯಾಡ್ರಿ, ಕೂಸು ಉಣ್ಣಾಕತ್ತೈತಿ," ಎಂದು ಗಂಡನ ಕೆಮ್ಮನ್ನೂ ತಡೆದಳು. ಮಗ ಹೋದ ಮೇಲೆ ಅವಳು ನಕ್ಕದ್ದು ಆಗಲೇ. ಗಂಟೆ ಹೊಡೆಯಿತು. ಎವುಲಾಲಿಯಾ ಬಂದವಳು ಮುಚ್ಚಿದ ಕದ ಕಂಡು ಹಿತ್ತಲಿಗೆ ಧಾವಿಸಿದಳು. "ಈ ದಿನ ಯಾರೂ ಬಾಗಿಲು ಹಾಕುವುದಿಲ್ಲ, ತಾಯಿ. ಹಾಕಿದ್ದರೆ ಮಕ್ಕಳು ತಮ್ಮನ್ನು ಕರೆದಿಲ್ಲವೆಂದು ತಿಳಿದು ತಿರುಗಿ ಹೋಗುತ್ತವೆ." ಗುರಸಿದ್ದವ್ವ ಮುಂಬಾಗಿಲಿಗೆ ಓಡಿ ಬಂದು ನೋಡಿದಳು. ಎಸಳಿನ ದಾರಿ ಕದದ ಬುಡಕ್ಕೆ ಬಂದು ನಿಂತಿತ್ತು. "ನನ್ನ ಕೂಸು ಇಲ್ಲೆ ನಿಂತು ಅತ್ತಿರಬೇಕ್ರೀ. ನಾ ಹಿತ್ತಲದಾಗ ನಕ್ಕೋತ ಕುಂತಿದ್ನೆಲ್ಲ," ಎಂದು ಅವಳು ನೆಲಕ್ಕೆ ಕುಸಿದಳು. ಅವಳ ಮಾತು ತಿಳಿಯದ ಓಣಿಯವರೂ ಅತ್ತರಂತೆ.

ಸಂಜೆಯೊಳಗೆ ಅವಳ ಮಾತಿನಂತೆ ಕಾಡಪ್ಪ ಕದ ಕಿತ್ತುಹಾಕಿದ. ಗಿರಣಿಯ ಕೆಲಸ ಮುಗಿದು ಊರಿಗೆ ಹೊರಡುವ ಮಾತು ಬಂದಾಗ, "ಅಂವ ಬಂದ್ರ ಮನ್ಯಾಗ ಯಾರಿರತಾರ?" ಎಂದಳು. ಇಬ್ಬರೂ ಅಲ್ಲೇ ಮುದುಕರಾದರು. ಮಗ ಮತ್ತೆ ಬಂದನೋ ಇಲ್ಲವೋ, ಅದನ್ನು ಹೇಳಬಲ್ಲವರಿಲ್ಲ. ಇಂದು ಹೋದವರು ಬರಿಯ ಚೌಕಟ್ಟನ್ನು ನೋಡಿ ಚಿತ್ರ ತೆಗೆದುಕೊಳ್ಳುತ್ತಾರೆ. ಬಗ್ಗಿ ನೋಡಿದರೆ ಅದಕ್ಕೆ ಹೊಸ್ತಿಲೂ ಇಲ್ಲ. ಹೊಸ್ತಿಲಿಗೆ ದಿನವೂ ಅರಿಸಿನ ಕುಂಕುಮ ಇಡುತ್ತಿದ್ದ ಗುರಸಿದ್ದವ್ವ, ತಲೆ ಪೂರ್ತಿ ನರೆತ ಮೇಲೆ ಬಡಗಿಯನ್ನು ಕರೆಸಿ ಅದನ್ನು ನೆಲಕ್ಕೆ ಸಮವಾಗಿ ಕೊಯ್ಸಿದಳು ಎನ್ನುತ್ತಾರೆ. ಇಷ್ಟು ವರ್ಷದ ಮೇಲೆ ಇದೇಕೆ ಎಂದು ಬಡಗಿ ಕೇಳಿದನಂತೆ. ಕೂಸಿಗಿನ್ನೂ ಹೊಸ್ತಿಲು ದಾಟಲು ಬರುವುದಿಲ್ಲ, ಎತ್ತಿಕೊಳ್ಳಲು ನನ್ನ ಕೈಯಲ್ಲಿ ಈಗ ಶಕ್ತಿಯಿಲ್ಲ ಎಂದಳಂತೆ.