ತಾಯಂದಿರ ಸಾಕ್ಷಿ

ಐವತ್ತು ವರ್ಷದ ಶೇಷಪ್ಪಯ್ಯನವರನ್ನು ಸಂಸ್ಥಾನದ ಹಿರಿಯ ನ್ಯಾಯಾಧೀಶರನ್ನಾಗಿ ನೇಮಿಸಲು ರಾಜರು ಹೊರಟರು. ದಿವಾನರು ತಡೆದರು.

“ಹದಿನೈದನೇ ವಯಸ್ಸಿನಲ್ಲಿ ಈತ ನಿದ್ದೆ ಹೋಗಿದ್ದ ಮೇಷ್ಟ್ರ ಜುಟ್ಟು ಕತ್ತರಿಸಿದ್ದ. ಹುಡುಗಾಟದಲ್ಲಿ ತಪ್ಪು ಮಾಡಿದವರಿಗೆ ದೊಡ್ಡ ಹುದ್ದೆ ಕೂಡದು. ಕಾಯಿದೆ ಬರಿ,” ಎಂದು ಗುಮಾಸ್ತನಿಗೆ ಅಪ್ಪಣೆ ಮಾಡಿದರು.

ಶೇಷಪ್ಪಯ್ಯ ತಲೆ ತಗ್ಗಿಸಿದರು. ಗುಮಾಸ್ತ ಬರೆದು ದಿವಾನರಿಗೆ ಕೈಮುಗಿದ.

“ಸ್ವಾಮಿ, ಕಾಯಿದೆ ಎಲ್ಲ ಅಧಿಕಾರಿಗಳಿಗೂ ಒಂದೇ ತಾನೆ? ಸಾಕ್ಷಿಗೆ ಅವರವರ ತಾಯಂದಿರನ್ನೇ ಕರೆಸೋಣ. ಮೊದಲು ನಿಮ್ಮ ತಾಯಿಯವರಿಗೆ ಗಾಡಿ ಕಳಿಸಲೇ?”

“ಕಳಿಸು,” ಎಂದರು ರಾಜರು.

ದಿವಾನರು ಬೆವರಿದರು. “ಅಮ್ಮನಿಗೆ ವಯಸ್ಸಾಗಿದೆ. ಹಳೆಯದೇನೂ ನೆನಪಿಲ್ಲ.”

“ಎಲ್ಲಾ ನೆನಪಿದೆ ಸ್ವಾಮಿ. ನಿನ್ನೆ ಗುಡಿಯಲ್ಲಿ ಸಿಕ್ಕಿದ್ದರು. ಹೇಳಿ ಹೇಳಿ ನಗುತ್ತಿದ್ದರು.”

ದಿವಾನರು ಕಾಗದ ಕಿತ್ತುಕೊಂಡು ಹರಿದರು. ಶೇಷಪ್ಪಯ್ಯ ಪೀಠವೇರಿದಾಗ ಮೊದಲ ಹಾರ ಹಾಕಿದವರೂ ಅವರೇ.