ಮಂದಾಕಿನಿಯ ಮೂವತ್ತಾರು ಹಾಡು

ಕಪಿಲೆಯ ದಂಡೆಯ ಆ ಆಶ್ರಮದಲ್ಲಿ ಹಾಡಿನ ವಿಷಯಕ್ಕೆ ಇದ್ದ ನಿಯಮ ಒಂದೇ: ಹಾಡುವವರು ಮುಗಿಸುವ ತನಕ ಕೇಳುವವರು ಏಳಕೂಡದು.

ಕಾಲು ಜೋಮು ಹಿಡಿದರೂ ಏಳಕೂಡದು. ಹಾಡು ಹಿಡಿಸದಿದ್ದರೂ ಏಳಕೂಡದು. ಮುಗಿಯಿತೋ ಇಲ್ಲವೋ ಎಂಬ ಅನುಮಾನಕ್ಕೆ ಜಾಗವಿರಲಿಲ್ಲ. ಮುಗಿದಾಗ ಗುರು ನಿರಂಜನರು ಚಾಪೆಯಿಂದ ಎದ್ದು, "ಮಂಗಳ" ಎನ್ನುತ್ತಿದ್ದರು. ಆಮೇಲೆ ಉಳಿದವರು ಏಳುತ್ತಿದ್ದರು.

ಆ ದಿನ ಮಧ್ಯಾಹ್ನದೊಳಗೆ ಶಿಷ್ಯರೆಲ್ಲ ಈ ನಿಯಮವನ್ನು ಮುರಿದಿದ್ದರು. ಮೊದಲು ಮುರಿದವಳು ಹಾಡಿದವಳೇ.

ಅವಳ ಹೆಸರು ಮಂದಾಕಿನಿ. ಹತ್ತೊಂಬತ್ತರ ವಯಸ್ಸಿನಲ್ಲಿ ಆಶ್ರಮಕ್ಕೆ ಬಂದು ಹಾಡು ಕಲಿತವಳು. ಮಾತೂ ಅವಳದೇ, ಧಾಟಿಯೂ ಅವಳದೇ, ಕಂಠವೂ ಅವಳದೇ. ಈಗ ಐವತ್ತೊಂಬತ್ತು. ಬೆಳಗಿನ ಬಸ್ಸಿಗೆ ಬಂದವಳು ಚೀಲದಿಂದ ಮೂರು ಸಿ.ಡಿ. ತೆಗೆದು ಗುರುಗಳ ಮುಂದಿಟ್ಟಳು.

ಅಡಿಗೆಯ ಪುಟ್ಟತಾಯಿ ಬಗ್ಗಿ ನೋಡಿದಳು. "ಏನ್ ಮಂದವ್ವ ಇದು, ಕನ್ನಡಿ ಹಪ್ಪಳವಾ?"

"ನನ್ನ ಹಾಡುಗಳು ಪುಟ್ಟತಾಯಿ. ನಲವತ್ತು ವರ್ಷದ್ದು."

ಗುರುಗಳು ಮೂರನ್ನೂ ಅಂಗೈ ಮೇಲೆ ಇಟ್ಟುಕೊಂಡು ತೂಗಿದರು. "ಹಗುರವಾಗಿದೆ. ಒಳ್ಳೆಯದು."

"ಕಂಪನಿಯವರು ಆಯ್ದು ಒಟ್ಟು ಮಾಡಿದಾರೆ ಗುರುಗಳೇ. ಮೂವತ್ತಾರು ಹಾಡು. ಮೊದಲನೆಯದರಿಂದ ಕೊನೆಯದರ ತನಕ, ವರ್ಷದ ಪ್ರಕಾರ."

ಹೊದಿಕೆಯ ಮೇಲೆ ಅವಳ ಚಿತ್ರವಿತ್ತು. ಚಿತ್ರದ ಕೆಳಗೆ ದಪ್ಪ ಅಕ್ಷರದಲ್ಲಿ 'ಸಂಪೂರ್ಣ' ಎಂದಿತ್ತು.

"ಈ ಹೆಸರು ಯಾರು ಇಟ್ಟರು?"

"ನಾನೇ."

ಗುರುಗಳು ಅವಳ ಮುಖ ನೋಡಿದರು.

"ನಾನು ಇನ್ನು ಬರೆಯಲ್ಲ ಗುರುಗಳೇ. ಹಾಡೋದೂ ಇಲ್ಲ. ಇದನ್ನ ಕೇಳಿ ನೀವು ಎದ್ದು ಮಂಗಳ ಹೇಳಿಬಿಡಿ. ಅವತ್ತು 'ಹಾಡು' ಅಂದವರು ನೀವು. ಸಾಕು ಅಂತಲೂ ನೀವೇ ಅನ್ನಬೇಕು."

"ಯಾಕೆ ಸಾಕು?"

"ಹೇಳೋದೆಲ್ಲಾ ಹೇಳಾಯ್ತು."

"ಎಲ್ಲಾ?"

"ಎಲ್ಲಾ."

"ಸರಿ. ಕೇಳೋಣ. ಆದರೆ ನೀನೂ ಕೂತ್ಕೋಬೇಕು."

"ನನ್ನ ಹಾಡು ನನಗೆ ಹೊಸದಾ ಗುರುಗಳೇ?"

"ಹಾಡಿದ್ದೀಯ, ಸರಿ. ಕೇಳಿದ್ದೀಯಾ?"

ಹಿರಿಯ ಶಿಷ್ಯ ಸದಾನಂದ ಜಗಲಿಗೆ ಪ್ಲೇಯರ್ ತಂದಿಟ್ಟ. ಗುರುಗಳು ಕಂಬದ ಪಕ್ಕ ಚಾಪೆ ಹಾಸಿ ಚಕ್ಕಳಮಕ್ಕಳ ಕೂತರು. ಮೊದಲ ಹಾಡು ಶುರುವಾಯಿತು.

ತೆಳ್ಳಗಿನ ಹುಡುಗಿಯ ದನಿ. ತಂಬೂರಿ ಒಂದು ಕಡೆ, ಅವಳು ಇನ್ನೊಂದು ಕಡೆ.

ಅರ್ಧ ನಿಮಿಷವಾಗಿರಲಿಲ್ಲ, ಮಂದಾಕಿನಿ ಎದ್ದುಬಿಟ್ಟಳು. "ಅಯ್ಯಯ್ಯೋ, ಶ್ರುತಿ ಎಲ್ಲೋ ಹಾರಿ ಹೋಗಿದೆ! ಇದು ಬೇಡ, ಮುಂದಿನದು ಹಾಕ್ತೀನಿ." ಅವಳ ಬೆರಳು ಆಗಲೇ ಗುಂಡಿಯ ಮೇಲಿತ್ತು.

"ಆ ಹುಡುಗಿ ಹಾಡ್ತಾ ಇದಾಳೆ. ನೀನು ಅಡ್ಡ ಬರಬೇಡ."

"ಆ ಹುಡುಗಿ ನಾನೇ ಅಲ್ವಾ?"

"ಇರಬಹುದು. ಅವಳಿಗೆ ಇನ್ನೂ ನಿನ್ನ ಪರಿಚಯ ಇಲ್ಲ."

ಮಂದಾಕಿನಿ ಬಂದು ಕೂತಳು.

ಕೂತಳು, ಆದರೆ ಬಾಯಿ ಸುಮ್ಮನಿರಲಿಲ್ಲ. ಮೂರನೆಯ ಹಾಡಿಗೆ, "ಇದನ್ನ ಜ್ವರದಲ್ಲಿ ಹಾಡಿದ್ದು" ಎಂದಳು. ಐದನೆಯದಕ್ಕೆ, "ತಬಲದವನು ಬರಲಿಲ್ಲ, ಅವನ ಬಾಮೈದನ ಕೈಲಿ ಬಾರಿಸಿದ್ದು" ಎಂದಳು. ಏಳನೆಯದಕ್ಕೆ ಬಾಯಿ ತೆರೆದಾಗ ಗುರುಗಳು ಕೈ ಎತ್ತಿದರು.

"ಮಂದಾ, ಹಾಡಿಗಿಂತ ನಿನ್ನ ಕ್ಷಮಾಪಣೆಯೇ ಉದ್ದ ಇದೆ."

ಸದಾನಂದ ಕಿಸಕ್ಕನೆ ನಕ್ಕ. ಮಂದಾಕಿನಿಯೂ ನಕ್ಕು ಬಾಯಿಗೆ ಸೆರಗು ಹಿಡಿದಳು.

ಒಂಬತ್ತನೆಯ ಹಾಡಿನ ಮಧ್ಯದಲ್ಲಿ ಸದಾನಂದ ಮೆಲ್ಲಗೆ ಎದ್ದ. ಒಳಗೆ ಹೋಗಿ ನೋಟ್‌ಬುಕ್ಕು, ಪೆನ್ನು ತಂದ. ಇಪ್ಪತ್ತು ವರ್ಷದಿಂದ ಆಶ್ರಮದಲ್ಲಿದ್ದರೂ ಕಿವಿಗೆ ಬಿದ್ದದ್ದು ಕಾಗದಕ್ಕೆ ಇಳಿಯದಿದ್ದರೆ ಅವನಿಗೆ ಸಮಾಧಾನವಿರಲಿಲ್ಲ.

"ಅಕ್ಕ," ಎಂದು ಪಿಸುಗುಟ್ಟಿದ, "ಇದು ವಿರಹದ ಘಟ್ಟ, ಅಲ್ವಾ? 'ದೀಪವಿಲ್ಲದ ಮನೆಯಲ್ಲಿ ನಿನ್ನ ದಾರಿ ಕಾದೆ'. ಆತ್ಮ ಪರಮಾತ್ಮನಿಗೆ ಕಾಯ್ತಾ ಇದೆ."

"ಇಲ್ಲ ಕಣೋ. ಕಾಯ್ತಾ ಇದ್ದದ್ದು ಸೀಮೆಎಣ್ಣೆ ಗಾಡಿಗೆ. ಆ ತಿಂಗಳು ಬರಲೇ ಇಲ್ಲ."

ಸದಾನಂದ ಬರೆದದ್ದನ್ನು ಹೊಡೆದು ಹಾಕಲಿಲ್ಲ. ಅದರ ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿದ. ಮತ್ತೆ ತಲೆ ತಗ್ಗಿಸಿ ಬರೆಯತೊಡಗಿದ.

ಮೊದಲ ಸಿ.ಡಿ. ಮುಗಿದಾಗ ಗುರುಗಳು ಕೇಳಿದರು. "ಎಷ್ಟು ಬರೆದೆ ಸದಾನಂದ?"

"ಎರಡೂವರೆ ಪುಟ ಗುರುಗಳೇ."

"ಅಷ್ಟರಲ್ಲಿ ಎಷ್ಟು ಹಾಡು ಹೋಯ್ತು?"

ಅವನು ಬೆರಳು ಮಡಿಚಿದ. "ಮೂರು."

"ಯಾವ ಮೂರು?"

ಸದಾನಂದ ನೋಟ್‌ಬುಕ್ಕು ನೋಡಿದ. ಅಲ್ಲಿ ಅದು ಬರೆದಿರಲಿಲ್ಲ. ಅವನು ಪೆನ್ನಿಗೆ ಮುಚ್ಚಳ ಹಾಕಿ, ಪುಸ್ತಕವನ್ನು ತೊಡೆಯ ಕೆಳಗೆ ಇಟ್ಟು ಅದರ ಮೇಲೆ ಕೂತ.

ಎರಡನೆಯ ಸಿ.ಡಿ.ಯ ಐದನೆಯ ಹಾಡಿಗೆ ಪುಟ್ಟತಾಯಿ ಅಡಿಗೆಮನೆಯಿಂದ ಸೌಟು ಹಿಡಿದುಕೊಂಡೇ ಓಡಿ ಬಂದಳು. 'ಕೊಡೆ ಮರೆತು ಬಂದೆ, ನೆನೆದೇ ಹೋಗುವೆ' ಎಂಬ ಹಾಡು. ಅದನ್ನು ಕೇಳದ ಕಿವಿ ಆ ಸೀಮೆಯಲ್ಲಿರಲಿಲ್ಲ. ಶಾಲೆಯ ವಾರ್ಷಿಕೋತ್ಸವ, ಸೀಮಂತ, ಖಾಸಗಿ ಬಸ್ಸು, ಎಲ್ಲದಕ್ಕೂ ಅದೇ.

"ನನ್ ಮಗಳ ಮದುವೇಲಿ ಮೈಕಲ್ಲಿ ನಾಕು ಸಲ ಹಾಕಿದ್ರು ಬುದ್ಧೀ! ಬೀಗರು ಕುಣಿದ್ರು!" ಅವಳು ನೆಲಕ್ಕೆ ಕೂತು ಸೌಟಿನಿಂದಲೇ ತಾಳ ಹಾಕಿದಳು. ಹಾಡು ಮುಗಿದದ್ದೇ ಎದ್ದು ನಿಂತಳು. "ಇನ್ ಮುಂದಿನವು ನಂಗೊತ್ತಿಲ್ಲ. ಸಾರಿಗೆ ಒಗ್ಗರಣೆ ಆಗ್ಬೇಕು."

ಮುಂದಿನ ಹಾಡು ಆಗಲೇ ಶುರುವಾಗಿತ್ತು. ಅವಳು ಅದರ ಮೇಲೆಯೇ ನಡೆದು ಹೋದಳು.

ಮಂದಾಕಿನಿ ಅವಳ ಬೆನ್ನನ್ನೇ ನೋಡುತ್ತ ಕೂತಳು.

"ನೋಡಿದ್ರಾ ಗುರುಗಳೇ? ಇಪ್ಪತ್ತೆರಡು ವರ್ಷದಿಂದ ಹೀಗೇ. ಯಾವ ಊರಿಗೆ ಹೋದರೂ ಇದೊಂದು ಆದ ಮೇಲೆ ಎಲ್ಲರೂ ಏಳ್ತಾರೆ. ನಾನು ಹೊಸದು ಹಾಡ್ತಾ ಇರ್ತೀನಿ, ಅವರು ಚಪ್ಪಲಿ ಹುಡುಕ್ತಾ ಇರ್ತಾರೆ."

"ಈಗ ಗೊತ್ತಾಯ್ತು."

"ಏನು?"

"ಹೇಳೋದೆಲ್ಲಾ ಹೇಳಾಯ್ತು ಅಂದ್ಯಲ್ಲ, ಅದು ಸುಳ್ಳು ಅಂತ."

ಅವಳು ತಲೆ ತಗ್ಗಿಸಿದಳು. ತಲೆ ಎತ್ತದೆಯೇ ಕೇಳಿದಳು. "ನೀವೇ ಹೇಳಿ. ಆ ಕೊಡೆ ಹಾಡು ಚೆನ್ನಾಗಿದೆಯಾ?"

"ಚೆನ್ನಾಗಿದೆ."

"ಅದಾದ ಮೇಲಿನವು?"

"ಇನ್ನೂ ಹತ್ತೊಂಬತ್ತು ಕೇಳಬೇಕು. ನೀನು ಮಾತಾಡಿ ಈ ಒಂದನ್ನ ಅರ್ಧ ತಿಂದೆ. ಹಿಂದಕ್ಕೆ ಹೋಗಿ ಮೊದಲಿಂದ ಹಾಕು."

ಅವಳು ಹಾಕಿದಳು.

ಆಮೇಲೆ ಅವಳು ಯಾವ ಹಾಡಿಗೂ ನೆಪ ಹೇಳಲಿಲ್ಲ. ಇಪ್ಪತ್ಮೂರನೆಯ ಹಾಡಿಗೆ ಮಾತ್ರ ತಟ್ಟನೆ ನೆಟ್ಟಗೆ ಕೂತಳು. ಮುಗಿದ ಮೇಲೆ, "ಇದು ನಾನು ಬರೆದದ್ದಾ?" ಎಂದಳು. "ಪಲ್ಲವಿಗೆ ವಾಪಸ್ಸು ಬರೋದೇ ಇಲ್ಲವಲ್ಲ ಇವಳು! ಏನು ಧೈರ್ಯ ಇವಳಿಗೆ!"

"ಪರಿಚಯ ಮಾಡಿಕೊಡಲಾ?" ಎಂದರು ಗುರುಗಳು.

ಮೂರನೆಯ ಸಿ.ಡಿ.ಯಲ್ಲಿ ವಾದ್ಯಗಳು ಕಡಿಮೆಯಾಗಿದ್ದವು. ದನಿಯೂ ಇಳಿದಿತ್ತು. ಇಪ್ಪತ್ತೊಂಬತ್ತನೆಯ ಹಾಡು ಬಂದಾಗ ಅಡಿಗೆಮನೆಯಲ್ಲಿ ಕುಟ್ಟಾಣಿಯ ಸದ್ದು ನಿಂತಿತು.

ಹಾಡಿನಲ್ಲಿ ಒಬ್ಬ ಹೆಂಗಸು ಬೆಳಿಗ್ಗೆ ಅಕ್ಕಿ ಅಳೆಯುತ್ತಾಳೆ. ಮನೆಯಲ್ಲಿ ಈಗ ಒಬ್ಬರು ಕಡಿಮೆ. ಅವಳಿಗೆ ಅದು ಗೊತ್ತು. ಕೈಗೆ ಗೊತ್ತಿಲ್ಲ.

'ಒಂದು ಹಿಡಿ ಹೆಚ್ಚಾಯಿತು ಅಕ್ಕಿ, ಮರಳಿ ತೆಗೆಯಲು ಕೈ ಬರಲಿಲ್ಲ.'

ಅಷ್ಟೇ ಹಾಡು. ಎರಡು ಸಲ ಅದೇ ಸಾಲು.

ಪುಟ್ಟತಾಯಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. "ಮಂದವ್ವ," ಎಂದಳು. "ನನ್ ಕೈ ಸುದ್ದಿ ನಿಮಗ್ಯಾರು ಹೇಳಿದ್ದು?"

ಮಂದಾಕಿನಿ ತಿರುಗಿ ಅವಳನ್ನು ನೋಡಿದಳು.

"ಇದ್ನ ಯಾಕವ್ವ ಎಲ್ಲೂ ಹಾಕಲ್ಲ? ನಾನು ಕೇಳೇ ಇಲ್ಲವಲ್ಲ."

"ಹಾಡಿದ್ದೆ ಪುಟ್ಟತಾಯಿ. ಎಲ್ಲಾ ಕಡೆ ಹಾಡಿದ್ದೆ."

"ಹೌದಾ?" ಪುಟ್ಟತಾಯಿ ಯೋಚಿಸಿದಳು. "ಹಂಗಾರೆ ನಾನು ಎದ್ದೋಗಿರ್ತೀನಿ ಬಿಡಿ. ನನ್ ಬುದ್ಧಿಗಿಷ್ಟು." ಕಣ್ಣೊರೆಸಿಕೊಂಡು ಅವಳೇ ನಕ್ಕಳು. ಬಂದು ಮಂದಾಕಿನಿಯ ಪಕ್ಕ ಕೂತಳು. ಒಲೆಯ ಮೇಲಿನ ಸಾರು ಉಕ್ಕಿದ ವಾಸನೆ ಬಂತು. ಅವಳು ಅಲ್ಲಾಡಲಿಲ್ಲ.

ಮೂವತ್ತಾರನೆಯದು ಹೋದ ವರ್ಷದ ಹಾಡು. ಎರಡೇ ನಿಮಿಷ. ಅದೂ ಮುಗಿಯಿತು. ಪ್ಲೇಯರಿನೊಳಗೆ ಸಿ.ಡಿ. ಸುತ್ತುವುದು ನಿಧಾನವಾಗಿ ನಿಂತಿತು.

ಸದಾನಂದ ಎದ್ದು ಸೊಂಟ ಹಿಂದಕ್ಕೆ ಬಾಗಿಸಿದ. ಪುಟ್ಟತಾಯಿ ಎಲೆ ಹಾಕಲು ಒಳಗೆ ಓಡಿದಳು. ಮಂದಾಕಿನಿ ಎದ್ದು ಸಿ.ಡಿ.ಗಳನ್ನು ಒಂದೊಂದಾಗಿ ಹೊದಿಕೆಯೊಳಗೆ ಸೇರಿಸಿದಳು. ಆಮೇಲೆ ತಿರುಗಿ ಕೈ ಮುಗಿದು ನಿಂತಳು.

ಗುರುಗಳು ಚಾಪೆಯ ಮೇಲೆಯೇ ಇದ್ದರು. ಕಣ್ಣು ಮುಚ್ಚಿತ್ತು.

"ಗುರುಗಳೇ, ಮುಗೀತು."

ಅವರು ಏಳಲಿಲ್ಲ.

"ಮೂವತ್ತಾರೂ ಆಯ್ತು."

"ಎಣಿಸಿದ್ದೀನಿ."

"ಮತ್ತೆ ಏಳಿ. ಮಂಗಳ ಹೇಳಿ."

ಅವರು ಏಳಲಿಲ್ಲ.

ಸದಾನಂದ ಅವಳ ಕಿವಿಯ ಬಳಿ ಬಗ್ಗಿದ. "ನಿದ್ದೆ ಹತ್ತಿರಬೇಕು ಅಕ್ಕ. ವಯಸ್ಸಾಯ್ತು."

"ನಿದ್ದೆ ಹತ್ತಿದ್ದು ನಿನಗೆ," ಎಂದರು ಗುರುಗಳು ಕಣ್ಣು ಬಿಡದೆ. "ಇಪ್ಪತ್ತೊಂದನೇ ಹಾಡಿಗೆ. ಗೊರಕೆ ಶ್ರುತಿಯಲ್ಲಿತ್ತು, ಅದಕ್ಕೆ ಸುಮ್ಮನಿದ್ದೆ."

ಪುಟ್ಟತಾಯಿ ಒಳಗಿನಿಂದ ಕೂಗಿದಳು. "ಬುದ್ಧೀ, ಎಲೆ ಹಾಕಿದೀನಿ! ಬನ್ನಿ!" ಯಾರೂ ಬಾರದಿದ್ದಾಗ ಅವಳೇ ಹೊರಗೆ ಬಂದಳು. "ಇದೇನು ಇನ್ನೂ ಕೂತವ್ರೆ? ನೀವು ಏಳದೆ ನಾವ್ಯಾರೂ ಉಣ್ಣಂಗಿಲ್ಲ. ಸದಾನಂದಪ್ಪ ಬೆಳಿಗ್ಗೆ ತಿಂಡೀನೂ ತಿಂದಿಲ್ಲ."

"ಎರಡು ಇಡ್ಲಿ ತಿಂದೆ," ಎಂದ ಸದಾನಂದ ಸಣ್ಣ ದನಿಯಲ್ಲಿ.

ಮಂದಾಕಿನಿ ಚಾಪೆಯ ತುದಿಗೆ ಮಂಡಿಯೂರಿದಳು. "ಗುರುಗಳೇ, ಹಠ ಮಾಡಬೇಡಿ. ಮೂರೂವರೆ ಗಂಟೆಯಿಂದ ಒಂದೇ ಭಂಗಿಯಲ್ಲಿದ್ದೀರಿ. ನಿಮ್ಮ ಮಂಡಿ ನನಗೆ ಗೊತ್ತಿಲ್ವಾ? ಇನ್ನು ಹಾಡಿಲ್ಲ. ಕೇಳೋಕೆ ಏನೂ ಉಳಿದಿಲ್ಲ."

"ಕೊನೇದು ಹೋದ ವರ್ಷದ್ದಲ್ವಾ?"

"ಹೌದು."

"ಆಮೇಲೆ ಒಂದು ಸಾಲೂ ಬರಲಿಲ್ಲವಾ?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. ಬಿಚ್ಚಿದಳು. ಮತ್ತೆ ಸುತ್ತಿದಳು.

"ಮಂದಾ."

"ಬಂತು."

"ಯಾವಾಗ?"

"ಇವತ್ತು ಬೆಳಿಗ್ಗೆ. ಇಲ್ಲಿಗೆ ಬರ್ತಾ, ಬಸ್ಸಲ್ಲಿ. ಮುಂದಿನ ಸೀಟಲ್ಲಿ ಒಬ್ಬಳು ಮುದುಕಿ ಕಿಟಕಿ ಮುಚ್ಚೋಕೆ ಒದ್ದಾಡ್ತಾ ಇದ್ದಳು. ಎರಡು ಸಾಲು ಬಂತು. ಬೇಡ ಅಂತ ಬಿಟ್ಟುಬಿಟ್ಟೆ."

"ಅದು ನಿನ್ನ ಬಿಡ್ತಾ?"

ಮಂದಾಕಿನಿ ನಗು ತಡೆಯಲು ನೋಡಿದಳು. ಆಗಲಿಲ್ಲ. "ಇಲ್ಲ ಗುರುಗಳೇ. ಆ ಇಪ್ಪತ್ತೊಂಬತ್ತನೇದು ಆದಾಗಿಂದ ಕಿವೀಲೇ ಇದೆ. ಆದರೆ ಎರಡೇ ಸಾಲು. ಮೂರನೇದು ಎಲ್ಲಿದೆಯೋ ಗೊತ್ತಿಲ್ಲ. ಅದು ಸಿಗಬೇಕಾದರೆ ಸಾಯಂಕಾಲ ಆಗಬಹುದು, ನಾಳೆ ಆಗಬಹುದು."

ಗುರುಗಳು ಕಣ್ಣು ಬಿಟ್ಟರು. ಎರಡೂ ಕೈಯಿಂದ ಮಂಡಿ ಹಿಡಿದು ಎತ್ತಿ, ಕಾಲು ಬದಲಿಸಿದರು. ಬೆನ್ನನ್ನು ಕಂಬಕ್ಕೆ ಚೆನ್ನಾಗಿ ಒರಗಿಸಿಕೊಂಡು ಕೂತರು.

"ಪುಟ್ಟತಾಯಿ, ಅಡಿಗೆ ಮುಚ್ಚಿಡು."