ನಾಲ್ಕು ಲೋಟ ನೀರು

"ಗುರುಗಳೇ, ಗಂಟನ್ನೂ ಅದರ ಸುತ್ತಲಿನ ಅಂಗಗಳನ್ನೂ ಕೂದಲೆಳೆಯಷ್ಟು ನಿಖರವಾಗಿ ಅಳೆದ ಮೇಲೂ ಕಿರಣ ಕೆಲವೊಮ್ಮೆ ಒಳ್ಳೆಯ ಕರುಳನ್ನು ಸುಡುವುದೇಕೆ?" ಎಂದು ಶಿಷ್ಯ ಕೇಳಿದ. ಅವನು ಕ್ಯಾನ್ಸರಿಗೆ ಕಿರಣ ಚಿಕಿತ್ಸೆ ಕೊಡುವುದನ್ನು ಕಲಿಯುತ್ತಿದ್ದ ತರುಣ ವೈದ್ಯ.

ಗುರುಗಳು ಒಂದು ಕತೆ ಹೇಳಿದರು.

ಸಾವಂತ್ರವ್ವ ಎಂಬ ಬಸ್ ಕಂಡಕ್ಟರ್ ಇದ್ದಳು. ಆಕೆಯ ಕಿಬ್ಬೊಟ್ಟೆಯಲ್ಲಿ ಕ್ಯಾನ್ಸರಿನ ಗಂಟು ಎದ್ದಿತ್ತು. ಐದೇ ಸಲ, ಆದರೆ ಪ್ರತಿ ಸಲವೂ ದೊಡ್ಡ ಪ್ರಮಾಣದಲ್ಲಿ ಕಿರಣ ಕೊಡುವುದೆಂದು ವೈದ್ಯನೊಬ್ಬ ನಿಶ್ಚಯಿಸಿದ. ಕರುಳು ಗಂಟಿಗೆ ಒರಗಿಕೊಂಡಿತ್ತು. ಮೂತ್ರಕೋಶ ತುಂಬಿದ್ದರೆ ಕರುಳು ಮೇಲೆ ಸರಿಯುತ್ತದೆ. ಅದಕ್ಕಾಗಿ ಆತ, "ಒಂದು ಗಂಟೆ ಮೊದಲು ನಾಲ್ಕು ಲೋಟ ನೀರು ಕುಡಿದು, ತಡೆದುಕೊಂಡಿರಿ" ಎಂದ. ಆಕೆ ತಲೆಯಾಡಿಸಿದಳು.

ಮೊದಲ ದಿನ ಯಂತ್ರದಡಿ ಮಲಗಿಸಿ ಚಿತ್ರ ತೆಗೆದರು. ಮೂತ್ರಕೋಶ ಬರಿದಾಗಿತ್ತು. ಕುಡಿದಿದ್ದೇನೆ ಎಂದಳು. ಕಿರಣ ಬಿಡದೆ ಕಳಿಸಿದರು. ಎರಡನೆಯ ದಿನವೂ ಹಾಗೆಯೇ ಆಯಿತು. ಮೂರನೆಯ ದಿನವೂ ಮೂತ್ರಕೋಶ ಬರಿದಾಗಿದ್ದುದನ್ನು ಕಂಡು ವೈದ್ಯ ಸಿಟ್ಟಾದ. ಗಂಟು ಕಾಯುವುದಿಲ್ಲ, ಇವತ್ತು ಕೊಟ್ಟೇಬಿಡೋಣ ಎಂದು ಯಂತ್ರದ ಗುಂಡಿಯವರೆಗೆ ಕೈ ಒಯ್ದ. ಕರುಳು ತೂತಾದರೆ ಆಕೆ ಉಳಿಯುವುದಿಲ್ಲವೆಂದು ನೆನೆದು ಕೈ ಹಿಂದೆಗೆದ. ಎದ್ದು ಹೊರಗೆ ಹೋದ.

ಅಲ್ಲಿದ್ದ ದಾದಿ ಸಾವಂತ್ರವ್ವನ ಪಕ್ಕದಲ್ಲಿ ಕುಳಿತಳು. "ಅಕ್ಕಾ, ನೀರು ಯಾಕೆ ಇಳಿಯುತ್ತಿಲ್ಲ?"

ಸಾವಂತ್ರವ್ವ ಸೆರಗಿನ ಅಂಚು ಸುತ್ತುತ್ತ ಹೇಳಿದಳು, "ಇಪ್ಪತ್ತೆರಡು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದವಳು ನಾನು. ದಾರಿಯಲ್ಲಿ ಹೆಂಗಸಿಗೆ ಒಂದಕ್ಕೆ ಹೋಗಲು ಜಾಗವೆಲ್ಲಿ? ಬೆಳಿಗ್ಗೆ ಎರಡು ಗುಟುಕು, ಮತ್ತೆ ಮನೆ ಸೇರಿದ ಮೇಲೆಯೇ. ಈಗ ಲೋಟ ಎತ್ತಿದರೂ ಎರಡು ಗುಟುಕಿನ ಮೇಲೆ ಇಳಿಯುವುದಿಲ್ಲ. ಇಷ್ಟು ಗಂಡಸರ ಮುಂದೆ ಈ ಮೇಜು ಒದ್ದೆಯಾದರೆ ನಾನು ಹೇಗೆ ಏಳಲಿ?"

"ಒದ್ದೆಯಾದರೆ ನಾನು ಒರೆಸುತ್ತೇನೆ. ಬೇರೆ ಯಾರೂ ಒಳಗೆ ಬರುವುದಿಲ್ಲ" ಎಂದಳು ದಾದಿ.

ಮರುದಿನ ಶೌಚಾಲಯದ ಪಕ್ಕದ ಕೋಣೆಯಲ್ಲಿ ಇಬ್ಬರೂ ಕುಳಿತರು. ಆಕೆ ಒಂದು ಗುಟುಕು ಕುಡಿದಾಗ ದಾದಿಯೂ ಒಂದು ಗುಟುಕು ಕುಡಿದಳು. ನಾಲ್ಕು ಲೋಟ ಮುಗಿಯಲು ಬೆಳಗೇ ಕಳೆಯಿತು. ಚಿತ್ರದಲ್ಲಿ ಕರುಳು ಗಂಟಿನಿಂದ ಎರಡು ಬೆರಳು ಮೇಲಿತ್ತು. ವೈದ್ಯ ಕಿರಣ ಬಿಟ್ಟ. ಐದು ಸಲವೂ ಹೀಗೆಯೇ ನಡೆಯಿತು. ಆರು ತಿಂಗಳಿಗೆ ಗಂಟು ಕರಗಿತ್ತು, ಕರುಳಿಗೆ ಗಾಯವಿರಲಿಲ್ಲ. ಸಾವಂತ್ರವ್ವ ಕೆಲಸಕ್ಕೆ ಮರಳಿದಳು.

ಶಿಷ್ಯ, "ಆಕೆ ಇದನ್ನು ಮೊದಲ ದಿನವೇ ಹೇಳಿದ್ದರೆ ಮೂರು ದಿನ ಉಳಿಯುತ್ತಿತ್ತಲ್ಲವೇ?" ಎಂದ.

ಗುರುಗಳೆಂದರು, "ಏಕೆಂದು ಮೊದಲ ದಿನ ಯಾರು ಕೇಳಿದ್ದರು?"